ನಲವತ್ತೊಂದನೆಯ ನಂಬರಿನ ವಿಷಕಲ್ಲು

ರಾಯದುರ್ಗದ ಆ ಕಾಲೇಜಿನಲ್ಲಿ ಲೈಬ್ರರಿಯ ಹಿಂದಿನ ಕೋಣೆಗೆ ಮ್ಯೂಸಿಯಂ ಎಂಬ ಹೆಸರಿತ್ತು. ಬಾಟಲಿಗಳಲ್ಲಿ ಬಣ್ಣ ಕಳೆದುಕೊಂಡ ಹಾವುಗಳು, ಒಂದು ನವಿಲಿನ ಅಸ್ಥಿಪಂಜರ, ನಾಟಿ ವೈದ್ಯರ ಮನೆಗಳಿಂದ ತಂದ ಬೇರು, ಭರಣಿ, ಅರೆಯುವ ಕಲ್ಲು. ಲೈಬ್ರೇರಿಯನ್ ಭುವನಾಳಿಗೆ ಪುಸ್ತಕಗಳ ಜೊತೆಗೆ ಈ ಕೋಣೆಯ ಬೀಗದ ಕೈಯೂ ಬಂದಿತ್ತು.

ಮುಂದಿನ ವಾರ ತಪಾಸಣೆಯವರು ಬರುತ್ತಾರೆಂದು ಅವಳು ಸೋಮವಾರ ಎರಡು ವಿಷಕಲ್ಲುಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿದ್ದಳು. ಹಾವು ಕಚ್ಚಿದ ಜಾಗಕ್ಕೆ ಹಿಂದಿನವರು ಅಂಟಿಸುತ್ತಿದ್ದ ಕಪ್ಪು ಕಲ್ಲುಗಳು ಅವು, ಹುಣಸೆ ಬೀಜಕ್ಕಿಂತ ತುಸು ದೊಡ್ಡವು. ತೆಗೆಯುವ ಹೊತ್ತಿಗೆ, ದಾರದಲ್ಲಿ ಕಟ್ಟಿದ್ದ ಚೀಟಿಗಳು ಕರಗಿ ತಳದಲ್ಲಿ ಗಂಜಿಯಂತೆ ಕೂತಿದ್ದವು. ನಲವತ್ತೊಂದನೆಯ ನಂಬರಿನದು ಬೆಳುಗುಪ್ಪ ಕಡೆಯ ಕುರಿಗಾರರ ಮನೆಯದು. ಇನ್ನೊಂದು ಅವಳ ಮಡಕಶಿರದ ತಾತ ಹನುಮಂತಯ್ಯನದು, ಅವಳೇ ತಂದಿಟ್ಟದ್ದು. ತಾತನ ಕಲ್ಲು ತನಗೆ ಗೊತ್ತಾಗದೇ ಇರುತ್ತದೆಯೇ ಎಂದುಕೊಂಡಳು. ಗೊತ್ತಾಗಲಿಲ್ಲ. ರಿಜಿಸ್ಟರಿನಲ್ಲೂ ಎರಡಕ್ಕೂ ಒಂದೇ ವಿವರ: ಕಪ್ಪು, ಚಪ್ಪಟೆ, ಹಗುರ. ಅವಳು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮುದುಕಿ, ಅವಳ ಹಿಂದೆ ಹೆಗಲ ಮೇಲೆ ಕಂಬಳಿಯಿದ್ದ ಮಗ.

"ನಮಸ್ಕಾರ್ರಿ ಮೇಡಂ. ನಾ ಜುಂಜಣ್ಣ, ಈಕಿ ನಮ್ಮವ್ವ ಮೈಲಾರಮ್ಮ. ಬೆಳುಗುಪ್ಪ ಕಡೆಯೋರು. ನಮ್ಮ ಮನಿ ವಿಷಕಲ್ಲು ಒಂದು ಇಲ್ಲೈತಂತ. ಅವ್ವ ನೋಡ್ಬೇಕು ಅಂತಾಳ್ರಿ."

"ವಾಪಸ್ ಕೊಡಾಕೆ ಬರಲ್ಲ," ಎಂದಳು ಭುವನಾ, ಅವರು ಕೇಳುವ ಮೊದಲೇ.

"ಯಾರು ಕೇಳಿದ್ರು ಯವ್ವಾ?" ಮೈಲಾರಮ್ಮ ನಕ್ಕಳು. "ಕುರಿ ಕಾಯೋರು ಅಂದ್ರ ಕಳ್ಳರು ಅಂತ ಮಾಡಿಯೇನು?" ಆಮೇಲೆ ಮಗನ ಕಡೆ ತಿರುಗಿ, "ನೀ ಹೋಗಿ ಚಾ ಕುಡದು ಬಾ. ಹಾವು ನೋಡಿದ್ರ ನಿನಗ ತಲಿ ತಿರಗತೈತಿ," ಎಂದು ಅವನನ್ನು ಸಾಗಹಾಕಿದಳು.

ಭುವನಾ ಎರಡೂ ಕಲ್ಲುಗಳಿದ್ದ ತಟ್ಟೆ ತಂದಿಟ್ಟಳು. ಯಾವುದು ನಿಮ್ಮದು ಎಂದು ಹೇಳಲಿಲ್ಲ. ಮುದುಕಿಯೇ ಗುರುತಿಸಿಬಿಟ್ಟರೆ ತನ್ನ ಕಷ್ಟವೂ ತೀರುತ್ತದೆ ಎಂಬ ಆಸೆ. ಮೈಲಾರಮ್ಮ ಒಂದನ್ನು ಎತ್ತಿ ನಾಲಿಗೆಗೆ ತಾಗಿಸಿದಳು. ಕಲ್ಲು ಅಂಟಿ ನಿಂತಿತು. ಕಿತ್ತು ಇನ್ನೊಂದನ್ನು ಇಟ್ಟಳು. ಅದೂ ಅಂಟಿತು.

"ಥೂ, ಸಬ್ಬಿನ ರುಚಿ! ವಿಷ ಬಿಡ್ಲಿ ಅಂತ ಹಾಲಿನಾಗ ಹಾಕೋದನ್ನ ಸಬ್ಬಿನಾಗ ಹಾಕಿಯಲ್ಲ ತಾಯಿ."

ಬಾಯಿ ಒರೆಸಿಕೊಂಡು ಅವಳು ಸೊಂಟದ ಎಲೆಚೀಲದಿಂದ ಮೂರನೆಯ ಕಲ್ಲೊಂದನ್ನು ತೆಗೆದಳು. ಅಂಥದ್ದೇ. ದನಿ ಇಳಿಯಿತು.

"ನನ್ನ ತಮ್ಮ ಇಲ್ಲೇ ಓದ್ತಿದ್ದ. ಕಾಲೇಜಿನ ಸಾರು ವಿಷಕಲ್ಲು ಕೇಳ್ಯಾರ ಅಂದ. ಅತ್ತೆಗೂ ಗಂಡಗೂ ಹೇಳದ ಕೊಟ್ಟುಬಿಟ್ಟೆ. ಆಮ್ಯಾಲ ಹೆದರಿಕಿ ಹತ್ತಿ, ಕುರಿ ಎಲುಬು ಕುಳ್ಳಿನ ಬೆಂಕ್ಯಾಗ ಸುಟ್ಟು, ತಿಕ್ಕಿ, ಆ ಜಾಗದಾಗ ಇದನ್ನ ಇಟ್ಟೆ. ಯಾರಿಗೂ ತಿಳೀಲಿಲ್ಲ, ಸುಟ್ಟು ಮಾಡಿದ್ದು ಈ ಮಗಗೂ ಗೊತ್ತಿಲ್ಲ. ಮುಂದಿನ ವರ್ಷ ಶೇಂಗಾ ಕೀಳಬೇಕಾದ್ರ ಜುಂಜಣ್ಣನ ಅಪ್ಪಗ ಮಂಡಲದ ಹಾವು ಮುಟ್ಟಿತು. ಇದನ್ನ ಅಂಟಿಸಿದ್ರು. ಕಲ್ಲು ತಾನಾಗೇ ಬೀಳೋತನಕ ಮನಶ್ಯಾ ಏಳಂಗಿಲ್ಲ. ದವಾಖಾನಿಗೆ ಹೋಗೋ ಹತ್ತು ಗಂಟಿ ಬಸ್ಸು ಹೋತು, ಒಂದು ಗಂಟಿ ಬಸ್ಸು ಹೋತು. ಕಲ್ಲು ಬೀಳಲಿಲ್ಲ. ಸಂಜಿಕಿ ಅವನೇ ಹೋದ." ಭುವನಾಳ ಮುಖವನ್ನೇ ನೋಡಿದಳು. "ನೀ ಓದಿದಾಕಿ, ಹೇಳು. ಮನ್ಯಾಗ ಖರೇ ಕಲ್ಲು ಇದ್ದಿದ್ರ ಉಳೀತಿದ್ನಾ?"

ಲೈಬ್ರರಿಯಲ್ಲಿ ವಿಷಕಲ್ಲಿನ ಬಗ್ಗೆ ಇದ್ದ ಹಳೆಯ ಪುಸ್ತಕವೊಂದನ್ನು ಭುವನಾ ಮೂರು ಸಲ ಓದಿದ್ದಳು. ವಿಷಕಲ್ಲೆಂದರೆ ಸುಟ್ಟ ಮೂಳೆ. ಕಣ್ಣಿಗೆ ಕಾಣದ ತೂತುಗಳಿಂದ ತೇವ ಹೀರಿ ಅಂಟುತ್ತದೆ. ರಕ್ತಕ್ಕೆ ಸೇರಿದ ವಿಷವನ್ನು ತೆಗೆಯಲಾರದು. ಆದರೆ ಏಳನೆಯ ವಯಸ್ಸಿನಲ್ಲಿ, ಹಾವು ಕಚ್ಚಿದ ತನ್ನ ಪಾದಕ್ಕೇ ತಾತ ಕಲ್ಲು ಇಟ್ಟಿದ್ದ. ತಾನು ಬದುಕಿದ್ದಳು. ಕಚ್ಚಿದ್ದು ವಿಷದ ಹಾವೇ ಅಲ್ಲವೋ ಏನೋ. ಉಳಿಯುತ್ತಿದ್ದ ಎಂದರೆ, ಕಲ್ಲು ಕೊಟ್ಟ ತಪ್ಪು ಮುದುಕಿಯ ತಲೆಗೆ. ಇಲ್ಲ ಎಂದರೆ, ಕಲ್ಲನ್ನು ನಂಬಿ ಹತ್ತದೆ ಬಿಟ್ಟ ಆ ಎರಡು ಬಸ್ಸುಗಳು. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಅಜ್ಜಿ, ಇವೆರಡ್ರಾಗೆ ನಿಮ್ದು ಯಾವ್ದು ಅಂತ ನಂಗೇ ಗೊತ್ತಿಲ್ಲ. ತೊಳಿಯಾಕೋಗಿ ಚೀಟಿ ಹಾಳು ಮಾಡ್ದೆ. ಒಂದು ನಮ್ ತಾತಂದು. ಯಾರ್ಗೂ ಹೇಳಿಲ್ಲ ನಾನು."

ಮೈಲಾರಮ್ಮ ಬೈಯಲಿಲ್ಲ. ತನ್ನ ಕಲ್ಲನ್ನು ಆ ಎರಡರ ಪಕ್ಕದಲ್ಲಿಟ್ಟು, ಬೆರಳಿನಿಂದ ಮೂರನ್ನೂ ಸರಿಸಿ ಸರಿಸಿ ನೋಡಿದಳು.

"ನನಗೂ ತಿಳೀವಲ್ದು," ಎಂದಳು. "ಹಂಗಾರ ಖರೇದು, ಸುಳ್ಳಿಂದು ಅಂತ ಇಲ್ಲವೇ ಇಲ್ಲೇನು?"

ಭುವನಾ ತಲೆ ಅಲ್ಲಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ಖಚಿತವಿರಲಿಲ್ಲ.

ಮುದುಕಿಯ ಮುಖ ಒಂದು ಗಳಿಗೆ ಹಗುರವಾದಂತೆ ಕಂಡಿತು. ಆಮೇಲೆ ಕಿಟಕಿಯಾಚೆ ಬಸ್ಸಿನ ಹಾರ್ನ್ ಕೇಳಿಸಿ, ಅವಳು ಆ ಕಡೆ ನೋಡಿದಳು.

"ಹತ್ತು ಗಂಟಿ ಬಸ್ಸಿನ ಡ್ರೈವರ್ರು ನಿಲ್ಲಿಸಿ ಕೇಳಿದ್ದ, ಹತ್ತಸ್ತೀರೇನ್ರಿ ಅಂತ. ನಾನೇ ಬ್ಯಾಡ ಅಂದೆ. ಕಲ್ಲು ಅಂಟೈತಿ ಅಂದೆ."

ಅಷ್ಟರಲ್ಲಿ ಜುಂಜಣ್ಣ ಬಂದ. "ಸಿಕ್ತೇನವ್ವಾ ನಮ್ಮ ಕಲ್ಲು?"

"ಸಿಕ್ತು. ನಡಿ."

"ನಿಮ್ದು ಬಿಟ್ಟೋಯ್ತಿದೀರಾ," ಎಂದು ಭುವನಾ ತಟ್ಟೆ ಚಾಚಿದಳು. ಮೈಲಾರಮ್ಮ ತಿರುಗಿ ನೋಡಲಿಲ್ಲ. "ಮನ್ಯಾಗ ಬ್ಯಾಡ. ಮೊಮ್ಮಕ್ಕಳದಾವ," ಎಂದಳು.

ಅವರು ಹೋದ ಮೇಲೆ ಭುವನಾ ತಟ್ಟೆ ನೋಡಿದಳು. ಚಾಚಿದಾಗ ಕಲ್ಲುಗಳು ಜಾರಿ ಬೆರೆತಿದ್ದವು. ಬಾಗಿಲು ಮುಂದೆ ಮಾಡಿ, ಒಂದೊಂದನ್ನೇ ನಾಲಿಗೆಗೆ ಇಟ್ಟಳು. ಮೂರೂ ಅಂಟಿದವು. ಎರಡರಲ್ಲಿ ಸೋಪು, ಒಂದರಲ್ಲಿ ಎಲೆಅಡಿಕೆಯ ವಾಸನೆ. ಅಷ್ಟೇ ವ್ಯತ್ಯಾಸ.

ರಿಜಿಸ್ಟರಿನಲ್ಲಿ ಚೀಟಿ ಕರಗಿದ ವಿಷಯವನ್ನು ಬರೆದು ಸಹಿ ಹಾಕಿದಳು. ಕೆಳಗಿನ ಸಾಲಿನಲ್ಲಿ ಹೊಸ ನಂಬರು, ಕೊಟ್ಟವರು ಮೈಲಾರಮ್ಮ. ನಲವತ್ತೊಂದನೆಯ ನಂಬರಿನ ಸಾಲಿನಲ್ಲಿ, ಉಪಯೋಗ ಎಂಬ ಕಾಲಮಿನಲ್ಲಿ, ಅವಳಿಗಿಂತ ಮೊದಲು ಇದ್ದವರು 'ಹಾವಿನ ವಿಷ ತೆಗೆಯಲು' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ 'ವಿಷ ತೆಗೆಯುವುದಿಲ್ಲ' ಎಂದು ಬರೆದಳು. ತಾತನ ಕಲ್ಲಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಮೇಜಿನ ಕೆಳಗೆ, ಎಡಪಾದದಲ್ಲಿ ಹಾವು ಕಚ್ಚಿದ ಆ ಹಳೆಯ ಕಲೆಯನ್ನು ಬಲಗಾಲ ಬೆರಳು ತಡವುತ್ತಿತ್ತು.