ಸೊಪ್ಪು ಕೇಳಿದರೆ ಉಪ್ಪು

ಕಂಚುಗಾರನ ಮನೆಯಲ್ಲಿ ಉಪ್ಪಿಗೆ ಮಾತ್ರ ಬರ ಇರಲಿಲ್ಲ. ಕಪಾಟು ತೆರೆದರೆ ಉಪ್ಪು, ಡಬ್ಬದಲ್ಲಿ ಉಪ್ಪು, ಕಿಟಕಿಯ ಕಟ್ಟೆಯ ಮೇಲೂ ಉಪ್ಪಿನ ಪೊಟ್ಟಣ. ಹೆಂಡತಿ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ "ರೀ, ಬರುವಾಗ ಸೊಪ್ಪು ತನ್ನಿ" ಎಂದು ಕೂಗುತ್ತಿದ್ದಳು. ಇವನು ತಲೆಯಾಡಿಸಿ ಹೋಗಿ, ದೊಡ್ಡ ಘನಕಾರ್ಯ ಮಾಡಿದವನಂತೆ ಉಪ್ಪು ತಂದು ಮುಂದಿಡುತ್ತಿದ್ದ.

"ಸೊಪ್ಪು ಅಂದೆ ಕಣ್ರೀ!"

"ಅದನ್ನೇ ತಾನೆ ತಂದಿರೋದು? ನೀನು ಗೊಣಗಿದ್ರೆ ನಾನೇನು ಮಾಡ್ಲಿ? ಬಾಯಿ ಬಿಟ್ಟು ಮಾತಾಡು."

ಆ ಬೀದಿಯೇ ಹಾಗೆ. ಬೆಳಗಾದರೆ ಸಾಲು ಅಂಗಡಿಗಳಲ್ಲಿ ತಾಮ್ರದ ತಗಡಿನ ಮೇಲೆ, ಹಿತ್ತಾಳೆಯ ಹಂಡೆಗಳ ಮೇಲೆ ಸುತ್ತಿಗೆ ಬೀಳಲು ಶುರು. ಪಿಸುಮಾತು ಆಡುವವರು ಅಲ್ಲಿ ಬದುಕುವಂತಿಲ್ಲ. ಮೀಸೆ ಬರುವ ಮೊದಲೇ ಸುತ್ತಿಗೆ ಹಿಡಿದ ಕಂಚುಗಾರನ ಕೈಯಲ್ಲಿ ಹಂಡೆಯ ಹೊಟ್ಟೆ ಹುಣ್ಣಿಮೆ ಚಂದ್ರನಷ್ಟು ದುಂಡಗೆ ಬರುತ್ತಿತ್ತು. ಈಗ ಮಗಳೂ ಓದು ಮುಗಿಸಿ ಅವನ ಪಕ್ಕದಲ್ಲೇ ಕೂತು ಬಡಿಯುತ್ತಿದ್ದಳು. ಅವಳ ಕೈ ತನ್ನ ಕೈಯನ್ನೂ ಮೀರಿಸುತ್ತದೆ ಎಂದು ಅವನಿಗೆ ಹೆಮ್ಮೆ. ಅದನ್ನು ಅವಳೆದುರು ಹೇಳಿದರೆ ಎಲ್ಲಿ ತಲೆಗೇರುತ್ತದೋ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಒಂದು ದಿನ ವಿಶ್ವವಿದ್ಯಾಲಯದಿಂದ ಒಬ್ಬ ಹೆಣ್ಣುಮಗಳು ಬಂದಳು. ಕಿವಿಯ ವಿಷಯದಲ್ಲಿ ಸಂಶೋಧನೆ ಮಾಡುವವಳು. ಭಾರದ ಪೆಟ್ಟಿಗೆಯನ್ನು ತಾನೇ ಹೊತ್ತು, ಆ ಗದ್ದಲದಲ್ಲಿ, ಮಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಸದ್ದು ಅಳೆಯುವ ಒಂದು ಪುಟ್ಟ ಯಂತ್ರ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋದಳು. ಬಂದ ಕಾರಣವನ್ನು ಕೇಳಿದವರಿಗೆಲ್ಲ ಬೇಸರವಿಲ್ಲದೆ ವಿವರಿಸಿದಳು.

"ಇಷ್ಟು ಸದ್ದಿನಲ್ಲಿ ಕೆಲಸ ಮಾಡಿದ್ರೆ ಕಿವಿಗೇನಾಗುತ್ತೆ ಅಂತ ನಾನು ನೋಡ್ತೀನಿ. ಕಿವಿ ಕೆಟ್ಟವರಿಗೆ ಕಾನೂನು ಏನು ಕೊಡಬೇಕು ಅಂತ ನಮ್ಮಲ್ಲೇ ಕಾನೂನು ಓದಿದವರೊಬ್ಬರು ನೋಡ್ತಾರೆ. ಜನ ಯಾಕೆ ಕಿವಿ ಮುಚ್ಕೊಳ್ಳಲ್ಲ ಅಂತ ಸಮಾಜಶಾಸ್ತ್ರದವರು ಕೇಳ್ತಾರೆ. ಇಷ್ಟ ಇದ್ರೆ ಪರೀಕ್ಷೆಗೆ ಬನ್ನಿ, ಬೇಡ ಅಂದ್ರೆ ಬೇಡ. ಅರ್ಧದಲ್ಲೇ ಎದ್ದು ಹೋದ್ರೂ ಯಾರೂ ಯಾಕೆ ಅಂತ ಕೇಳಲ್ಲ. ನಿಮ್ಮ ಹೆಸರು ಎಲ್ಲೂ ಬರಲ್ಲ."

ಅವಳು ಬೀದಿ ದಾಟುವ ಮೊದಲೇ ಗುಜರಿಯವನು ಬಂದು ಕಂಚುಗಾರನ ಪಕ್ಕ ಕುಕ್ಕರಗಾಲಲ್ಲಿ ಕೂತ. "ಗೊತ್ತಾಯ್ತಾ? ಕಿವಿ ಕೇಳದವರ ಅಂಗಡಿಗೆ ಬೀಗ ಜಡೀತಾರಂತೆ!"

ಹಿತ್ತಾಳೆ ಬಡಿದು ಬಡಿದು ಕಂಚುಗಾರನದೂ ಹಿತ್ತಾಳೆ ಕಿವಿಯೇ ಆಗಿತ್ತು. ಹೆಂಡತಿಯ ಮಾತು ಕೇಳಿಸದಿದ್ದರೂ ಇಂಥ ಗಾಳಿಮಾತು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

ರಜೆಯ ದಿನ ಸುತ್ತಿಗೆಗಳೆಲ್ಲ ಸುಮ್ಮನಿದ್ದಾಗ ಬೀದಿಯ ತುದಿಯ ಶಾಲೆಯ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ಸದ್ದು ಕೇಳಿಸಿದಾಗ ಒತ್ತಬೇಕು. ಕಂಚುಗಾರ ಬಲು ಜಾಣ. ಸಂಶೋಧಕಿಯ ಬೆರಳು ಆಡುವುದನ್ನೇ ನೋಡುತ್ತಾ ಒತ್ತಿದ. ಅವಳು ಬೆನ್ನು ತಿರುಗಿಸಿ ಕೂತಾಗ, ಯಾವುದಕ್ಕೂ ಇರಲಿ ಎಂದು ಒತ್ತುತ್ತಲೇ ಹೋದ.

"ಎಲ್ಲಾ ಕೇಳಿಸ್ತಾ ಯಜಮಾನ್ರೇ?"

"ಓ, ಗಂಟೆ ಹೊಡೆದ ಹಾಗೆ!"

"ನಡುವೆ ನಾನು ಸ್ವಲ್ಪ ಹೊತ್ತು ಸದ್ದನ್ನೇ ಹಾಕಿರಲಿಲ್ಲ," ಎಂದಳು ಅವಳು. ನಗಲಿಲ್ಲ, ಗದರಲೂ ಇಲ್ಲ. ಅವನು ಮುಖ ಗಂಟಿಕ್ಕಿಕೊಂಡು ಮನೆಗೆ ಹೋದ.

"ಇವರೆಲ್ಲ ಹೀಗೇ. ಬರ್ತಾರೆ, ಕೇಳ್ತಾರೆ, ಹೋಗ್ತಾರೆ. ಮತ್ತೆ ಈ ಕಡೆ ತಲೆ ಹಾಕಿದ್ರೆ ಕೇಳು," ಎಂದು ಹೆಂಡತಿಯ ಮೇಲೆ ರೇಗಿದ.

ಆದರೆ ಸಂಶೋಧಕಿ ಮತ್ತೆ ಬಂದಳು. ಪರೀಕ್ಷೆಗೆ ಬಂದ ಪ್ರತಿಯೊಬ್ಬರ ಮನೆಗೂ ಹೋಗಿ, ಅವರವರ ಫಲಿತಾಂಶವನ್ನು ಅವರವರಿಗೇ ತಿಳಿಸಿದಳು. ಸಂಜೆ ಕಂಚುಗಾರನ ಮನೆಗೂ ಬಂದಳು. ಹೆಂಡತಿ ಇದೇ ಸಮಯ ಎಂದು ಉಪ್ಪಿನ ಪುರಾಣ ಬಿಚ್ಚಿದಳು.

ಸಂಶೋಧಕಿಯ ಕಣ್ಣು ಅರಳಿತು. "ಅಮ್ಮ, ನೀವು ಹೇಳಿದ್ದು ಬಹಳ ದೊಡ್ಡ ವಿಷಯ. ಪೆಟ್ಟಿನ ಸದ್ದು ಕಿವಿಗೆ ಬಿದ್ದೂ ಬಿದ್ದೂ, ಸಣ್ಣ ದನಿ, ತೆಳು ದನಿ ಮೊದಲು ಹೋಗುತ್ತೆ. 'ಸ' ಅನ್ನೋದು ಅಂಥ ತೆಳು ದನಿ. 'ಸೊಪ್ಪು' ಅಂದ್ರೆ 'ಸ' ಉದುರಿ ಹೋಗಿ 'ಒಪ್ಪು' ಅಷ್ಟೇ ಉಳಿಯುತ್ತೆ, ಅದು ಯಜಮಾನರಿಗೆ 'ಉಪ್ಪು' ಅಂತ ಕೇಳಿಸುತ್ತೆ. ಅವರು ಸುಳ್ಳು ಹೇಳ್ತಿಲ್ಲ, ನೀವೂ ಗೊಣಗ್ತಿಲ್ಲ."

ಎಷ್ಟೋ ಕಾಲದ ಜಗಳ ಒಂದೇ ಮಾತಿಗೆ ಬಗೆಹರಿದಿತ್ತು. ಇಂಥ ವಿದ್ಯೆಗೆ ಕೈಮುಗಿಯಬೇಕು. ಕಂಚುಗಾರ ಮಾತ್ರ ಇನ್ನೂ ಬಗ್ಗಲಿಲ್ಲ.

"ಹೋದ್ರೆ ಹೋಯ್ತು ಬಿಡಮ್ಮ. ಅಂಗಡಿಗೆ ಬೀಗ ಬೀಳೋದಕ್ಕಿಂತ ಕಿವಿಗೆ ಬೀಗ ಬಿದ್ರೆ ವಾಸಿ."

"ಬೀಗ ಯಾರು ಹಾಕ್ತಾರೆ ಯಜಮಾನ್ರೇ? ಕೆಲಸದಿಂದ ಕಿವಿ ಕೆಟ್ಟವರಿಗೆ ನೆರವು ಸಿಗಲಿ ಅಂತಾನೇ ನಾವು ಓಡಾಡ್ತಿರೋದು. ಎಲ್ಲರೂ ನಿಮ್ಮ ಹಾಗೆ ಗುಂಡಿ ಒತ್ತಿದ್ರೆ, ಈ ಬೀದೀಲಿ ತೊಂದರೇನೇ ಇಲ್ಲ ಅಂತ ನಾವು ಬರೀಬೇಕಾಗುತ್ತೆ. ಆಮೇಲೆ ಯಾರು ಏನು ಕೊಡ್ತಾರೆ?"

ಅಷ್ಟರಲ್ಲಿ ಬಾಗಿಲಿಂದ ತಣ್ಣನೆಯ ಗಾಳಿ ಬೀಸಿತು. ಹೆಂಡತಿ ಕೂತಲ್ಲಿಂದಲೇ, "ಮಗಳೇ, ನನ್ನ ಶಾಲು ತಾರೇ" ಎಂದಳು. ಒಳಗಿದ್ದ ಮಗಳು ಸ್ವಲ್ಪ ಹೊತ್ತಿನ ಮೇಲೆ ಹಬೆಯಾಡುವ ಲೋಟ ಹಿಡಿದು ಬಂದಳು.

"ತಗೋ ಅಮ್ಮ, ಬಿಸಿ ಇದೆ, ಊದ್ಕೊಂಡು ಕುಡಿ."

"ಇದೇನೇ? ಶಾಲು ಅಂದ್ರೆ ಹಾಲು ತಂದಿದ್ದೀಯಲ್ಲ!"

"ನೀನು ಗೊಣಗಿದ್ರೆ ನಾನೇನು ಮಾಡ್ಲಿ?"

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳೂ ನಕ್ಕಳು. ಕಂಚುಗಾರ ನಗಲಿಲ್ಲ. ಮಗಳ ಮುಖ ನೋಡಿದ, ಸಂಶೋಧಕಿಯ ಮುಖ ನೋಡಿದ.

"ಇವಳದೂ...?"

ಸಂಶೋಧಕಿ ಮಗಳ ಕಡೆ ತಿರುಗಿದಳು. "ಹೇಳಬಹುದಾ?"

"ಹೇಳಿ ಅಕ್ಕ. ಅವತ್ತು ಪರೀಕ್ಷೆಗೆ ನಾನೂ ಬಂದಿದ್ದೆ ಅಪ್ಪ. ನಾನೇ ಹೇಳೋಣ ಅಂತಿದ್ದೆ, ಧೈರ್ಯ ಬರಲಿಲ್ಲ," ಎಂದಳು ಮಗಳು.

"ತೆಳು ದನಿಗಳು ಸ್ವಲ್ಪ ಕಡಿಮೆಯಾಗಿವೆ, ಯಜಮಾನ್ರೇ. ಈಗಷ್ಟೇ ಶುರು. ಹೀಗೆ ಹೋದದ್ದು ಮರಳಿ ಬರಲ್ಲ. ಉಳಿದದ್ದನ್ನ ಖಂಡಿತ ಉಳಿಸ್ಕೋಬಹುದು."

ಕಂಚುಗಾರ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ತನ್ನ ಕಸುಬನ್ನು ಮಗಳಿಗೆ ಧಾರೆ ಎರೆಯುತ್ತಿದ್ದೇನೆ ಎಂದುಕೊಂಡಿದ್ದ. ಜೊತೆಗೆ ಇದನ್ನೂ ಕೊಡುತ್ತಿದ್ದೇನೆ ಎಂದು ಅವನಿಗೆ ಹೊಳೆದಿರಲಿಲ್ಲ.

"ಕಿವಿ ಮುಚ್ಕೊಂಡ್ರೆ ಲೋಹದ ದನಿ ಕೇಳಲ್ಲ ತಾಯಿ. ಪೆಟ್ಟು ಸರಿ ಬಿತ್ತಾ ಅಂತ ತಿಳಿಯೋದೇ ಆ ದನಿಯಿಂದ. ಅದಕ್ಕೇ ನಾವ್ಯಾರೂ ಮುಚ್ಕೊಳ್ಳಲ್ಲ," ಎಂದ ಮೆಲ್ಲಗೆ.

"ನೋಡಿ, ನಮಗೆ ಬೇಕಾಗಿದ್ದು ಈ ಮಾತು! ಸದ್ದು ತಗ್ಗಿಸಿ ದನಿ ಉಳಿಸೋ, ಕಿವಿಗೆ ಇಟ್ಕೊಳ್ಳೋ ಬಿರಡೆಗಳಿವೆ. ಯಾವುದು ನಿಮ್ಮ ಕೆಲಸಕ್ಕೆ ಹೊಂದುತ್ತೆ ಅಂತ ಕೂತು ನೋಡೋಣ."

ಮುಂದಿನ ರಜೆಗೆ ಕಂಚುಗಾರ ತಾನಾಗಿ ಶಾಲೆಯ ಕೋಣೆಗೆ ಹೋಗಿ ಕೂತ. ಈ ಸಲ ಕಣ್ಣು ಮುಚ್ಚಿಕೊಂಡ. ಗುಂಡಿಯ ಮೇಲಿದ್ದ ಬೆರಳು ಬಹಳ ಹೊತ್ತು ಅಲುಗಲೇ ಇಲ್ಲ.

"ಕೇಳಿಸ್ತಾ ಯಜಮಾನ್ರೇ?" ಹೆಡ್‌ಫೋನ್ ತೆಗೆದು ಅವಳು ಜೋರಾಗಿ ಕೇಳಿದಳು.

"ಇಲ್ಲ ತಾಯಿ. ಕೇಳಿಸಲಿಲ್ಲ."

ಜೀವಮಾನದಲ್ಲಿ ಅವನು ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು. ಅವನನ್ನು ನೋಡಿ ಬೀದಿಯ ಹಿರಿಯರೆಲ್ಲ ಒಬ್ಬೊಬ್ಬರಾಗಿ ಬಂದು ನಿಜ ಹೇಳಿದರು. ಗುಜರಿಯವನೂ ಬಂದ. ಕೆಲವು ತಿಂಗಳ ಮೇಲೆ ಸಂಶೋಧಕರು ಕಂಡುಕೊಂಡದ್ದನ್ನೆಲ್ಲ ಬೀದಿಯಲ್ಲೇ ನಿಂತು ಸರಳ ಮಾತಲ್ಲಿ ಓದಿ ಹೇಳಿದರು. ಮನೆಯಂಗಳದ ಸಣ್ಣ ಅಂಗಡಿಗಳ ಕೆಲಸಗಾರರಿಗೂ ಕಿವಿಯ ತಪಾಸಣೆ ಮಾಡಿಸಬೇಕೆಂದು ಕಾನೂನಿನವರು ಬರೆದ ಮನವಿ ಕಾರ್ಮಿಕ ಕಚೇರಿಗೆ ತಲುಪಿದೆ. ಉತ್ತರ ಇನ್ನೂ ಬಂದಿಲ್ಲ, ಅವರು ಬೆನ್ನು ಬಿಟ್ಟಿಲ್ಲ. ಕಂಚುಗಾರನ ಮಗಳು ಮಾತ್ರ ಕಚೇರಿಯ ಉತ್ತರಕ್ಕೆ ಕಾಯದೆ, ಕಿವಿಗೆ ಬಿರಡೆ ಇಟ್ಟುಕೊಂಡೇ ಸುತ್ತಿಗೆ ಎತ್ತುತ್ತಾಳೆ. ಮರೆತರೆ ಅಪ್ಪ ಬಡಿಯಲು ಬಿಡುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಬಾಗಿಲಿಗೂ ಯಾರೋ ಪ್ರಶ್ನೆ ಹೊತ್ತು ಬಂದಾರು. ಯಾರು ನೀವು, ಯಾತಕ್ಕೆ ಕೇಳುತ್ತೀರಿ ಎಂದು ಮೊದಲು ನೀವೇ ಕೇಳಿ. ಮನಸ್ಸಿಗೆ ಒಪ್ಪದಿದ್ದರೆ ಬೇಡ ಎನ್ನಿ, ಅದು ನಿಮ್ಮ ಹಕ್ಕು. ಒಪ್ಪಿದಿರೋ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಏನು ಕಂಡುಕೊಂಡಿರಿ ಎಂದು ಅವರನ್ನು ಮತ್ತೆ ಕರೆಸಿ ಕೇಳಿ. ಅವರ ಮುಖ ನೋಡಿ ಹೌದು ಹೌದು ಎನ್ನಬೇಡಿ. ನೀವು ಹೇಳುವ ಒಂದು ನಿಜವಾದ 'ಇಲ್ಲ'ದಿಂದ ನಿಮ್ಮ ಮಗಳ ಕಿವಿಯೇ ಉಳಿದೀತು.