ಸೊಸೆಯ ಸೂಜಿ ಅತ್ತೆಯ ತೋಳಿಗೆ

ದಿನವಿಡೀ ಸೂಜಿಯ ಜೊತೆ ಏಗುವ ಟೈಲರಮ್ಮನಿಗೆ ಸೂಜಿಯಿಂದಲೇ ಚಿಕಿತ್ಸೆ ಎಂದರೆ ನಗು ಬಾರದೆ ಇನ್ನೇನು! ಆದರೆ ಅವಳ ಅತ್ತೆ ಹಟ ಹಿಡಿದಿದ್ದರು. ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ, ಹಾರ್ಮೋನು ಏರುಪೇರು, ಇದು ಪಿಸಿಓಎಸ್ ಎಂದು ಆಸ್ಪತ್ರೆಯಲ್ಲಿ ಹೇಳಿದಂದಿನಿಂದ ಅತ್ತೆ ವಿಚಾರಿಸದ ಜನವಿಲ್ಲ. ಮುಟ್ಟು ಮನಸ್ಸಾದಾಗ ಬರುತ್ತಿತ್ತು. ಬಂದರೆ ಹೋಗುವ ಹೆಸರೆತ್ತುತ್ತಿರಲಿಲ್ಲ, ಹಾಳಾದ್ದು. "ಮಾತ್ರೆ ತಗೊಳ್ತಾ ಇರು, ಜೊತೆಗೆ ಅಕ್ಯುಪಂಕ್ಚರೂ ಒಂದಿರ್ಲಿ," ಎಂದು ಅತ್ತೆ ಅವಳನ್ನು ಸೂಜಿ ಚುಚ್ಚುವ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡೇ ಬಂದರು.

ಇಷ್ಟೆಲ್ಲ ಓಡಾಟ ಮೊಮ್ಮಗುವಿಗಾಗಿಯೇ ಎಂದು ಟೈಲರಮ್ಮನಿಗೆ ಖಾತ್ರಿ. ಮಗು ಆಗದಿದ್ದರೆ ಈ ಅತ್ತೆಗೆ ತಾನು ಬೇಕಾಗುತ್ತೇನೋ ಇಲ್ಲವೋ ಎಂಬ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಕೇಳೋಣವೆಂದರೆ ಅತ್ತೆ ಒಂದು ಕಡೆ ನಿಂತರೆ ತಾನೆ? ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು.

ಸೂಜಿ ಡಾಕ್ಟರಮ್ಮ ಹೊಟ್ಟೆಗೆ, ಮೊಣಕಾಲ ಕೆಳಗೆ, ಪಾದದ ಹತ್ತಿರ ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿದರು. "ಎಲ್ಲರಿಗೂ ಗುಣ ಆಗುತ್ತೆ ಅಂತ ನಾನು ಹೇಳಲ್ಲಮ್ಮ, ನೋಡೋಣ. ಈಗ ಸುಮ್ನೆ ಮಲಗಿರಿ," ಎಂದು ಪಕ್ಕದ ಕೋಣೆಗೆ ಹೋದರು.

ಟೈಲರಮ್ಮನಿಗೆ ಮಂಪರು ಹತ್ತಿತು. ಸೊಸೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅತ್ತೆ ಬಗ್ಗಿ ನೋಡಿದರು. ಅವರ ರವಿಕೆ ತೋಳಿನ ಅಂಚು ಹೊಲಿಗೆ ಬಿಚ್ಚಿಕೊಂಡು ಸೊಸೆಯ ಮೂಗಿನ ಮುಂದೆ ಜೋತಾಡಿತು. ಜೋತುಬಿದ್ದ ಅಂಚು ಕಂಡರೆ ಟೈಲರ್ ಕೈ ಸುಮ್ಮನಿರುತ್ತದೆಯೇ? ಅರೆನಿದ್ದೆಯಲ್ಲೇ ಹೊಟ್ಟೆಯಿಂದ ಒಂದು ಸೂಜಿ ಕಿತ್ತಳು, ಅಂಚು ಮಡಿಸಿದಳು, ಚುಚ್ಚಿದಳು. ಇನ್ನೊಂದು ಕಿತ್ತಳು, ಚುಚ್ಚಿದಳು. "ಥೂ, ಈ ಪಿನ್ನಿಗೆ ತಲೇನೂ ಇಲ್ಲ, ಗಟ್ಟೀನೂ ಇಲ್ಲ," ಎಂದು ಗೊಣಗುತ್ತಾ ಮುಂದಿನದನ್ನು ತುಸು ಜೋರಾಗಿಯೇ ಒತ್ತಿದಳು.

"ಅಯ್ಯಯ್ಯೋ! ನಂಗ್ಯಾಕೆ ಚುಚ್ತೀಯೇ?"

ಟೈಲರಮ್ಮ ಗಾಬರಿಯಿಂದ ಕಣ್ಣು ಬಿಟ್ಟಳು. ಅತ್ತೆ ಬಗ್ಗಿದವರು ಬಗ್ಗಿದಂತೆಯೇ ನಿಂತಿದ್ದರು. ಸೂಜಿ ಒಳಗಿದ್ದಾಗ ಮಿಸುಕಿದರೆ ನರ ಹಿಡಿಯುತ್ತದೆ ಎಂದು ಯಾರೋ ಅವರ ತಲೆಗೆ ತುಂಬಿದ್ದರಂತೆ.

"ಡಾಕ್ಟ್ರನ್ನ ಕರಿಯೇ, ಬೇಗ!"

ಇಂಥ ಅವಕಾಶ ಮತ್ತೆ ಸಿಗುತ್ತದೆಯೇ! "ಕರೀತೀನಿ ಅತ್ತೆ. ಮೊದ್ಲು ಒಂದು ಮಾತು ಹೇಳಿ. ನಂಗೆ ಮಗು ಆಗ್ದೇ ಹೋದ್ರೆ?"

"ಆಗ್ದಿದ್ರೆ ಬಿಡು! ಮಗು ಕೇಳಿದೋರು ಯಾರೇ ನಿನ್ನ? ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯಲ್ಲ, ನಂಗೇನು ಕಿವುಡಾ? ನಿನ್ನ ಸಂಕಟ ಕಮ್ಮಿ ಆಗ್ಲಿ ಅಂತ ಕರ್ಕೊಂಡು ಬಂದೆ ಕಣೇ, ಪೆದ್ದಿ!"

ಗಲಾಟೆ ಕೇಳಿ ಬಂದ ಡಾಕ್ಟರಮ್ಮ, ರೋಗಿಯ ಹೊಟ್ಟೆ ಬೋಳಾಗಿ ಜೊತೆಗೆ ಬಂದವರ ತೋಳಲ್ಲಿ ಸೂಜಿ ನೆಟ್ಟಿರುವುದನ್ನು ನೋಡಿ ಹಣೆ ಚಚ್ಚಿಕೊಂಡರು. ಅವನ್ನೆಲ್ಲ ಕಿತ್ತೆಸೆದು, ಹೊಸ ಪೊಟ್ಟಣ ಒಡೆದು, ಸೊಸೆಗೆ ಮತ್ತೆ ಚುಚ್ಚಿದರು.

ಟೈಲರಮ್ಮನಿಗೆ ಅಳು ಉಕ್ಕಿ ಬಂತು. ಸಂತೋಷಕ್ಕೇ ಬಂದ ಅಳು, ಆದರೆ ಹೊಟ್ಟೆ ಕುಲುಕಿ ಸೂಜಿಗಳೆಲ್ಲ ತೂಗಾಡತೊಡಗಿದವು. ಅತ್ತೆ ಅವಳ ಎರಡೂ ಕೈಗಳನ್ನು ಭದ್ರವಾಗಿ ಹಿಡಿದುಕೊಂಡರು.

"ಅಳು, ನನ್ನ ಮುಂದೆ ಎಷ್ಟು ಬೇಕಾದ್ರೂ ಅಳು," ಎಂದರು. "ಹೊಟ್ಟೆ ಮಾತ್ರ ಅಲ್ಲಾಡಿಸ್ಬೇಡ."