ಹೆಣವಿಲ್ಲದೆ ಹೆಣ ಕಾದದ್ದು

ಶವಪೆಟ್ಟಿಗೆಯೊಂದು ಮನೆಗೆ ಬರುತ್ತದೆ ಅನ್ನುವ ಸುದ್ದಿಯನ್ನು ಕ್ಲೀನಾ ತನ್ನ ತಾಯಿಗೆ ಹೇಳಿದ್ದು ಆಕೆ ಆಲೂಗಡ್ಡೆ ಸುಲಿಯುತ್ತಿದ್ದಾಗ. ಅಂಥ ಮಾತಿಗೆ ಒಳ್ಳೆಯ ಹೊತ್ತು ಅಂತ ಒಂದಿಲ್ಲ ಬಿಡಿ. ಆದರೂ ಕೇಳುವವರ ಕೈಯಲ್ಲಿ ಚಾಕು ಇರುವ ಹೊತ್ತಂತೂ ಅಲ್ಲ.

“ಯಾರ ಪೆಟ್ಟಿಗೆ?” ಡಿಂಪ್ನಾ ಕೇಳಿದಳು.

“ಸಿನಿಮಾದ್ದು ಅಮ್ಮ. ಮುಚ್ಚಿರುತ್ತೆ. ಒಳಗೆ ಏನೂ ಇರಲ್ಲ.”

“ಒಳಗೆ ಏನಿರುತ್ತೆ ಅಂತ ಕೇಳ್ಲಿಲ್ಲ ನಾನು. ಯಾರದು ಅಂತ ಕೇಳ್ದೆ.”

ಕ್ಲೀನಾ ಕಿಟಕಿಯಾಚೆಯ ಕಡಲ ಕಡೆ ನೋಡಿದಳು. ಅಲ್ಲಿಗೆ ಉತ್ತರ ಸಿಕ್ಕ ಹಾಗೇ ಆಯಿತು.

ಡಿಂಪ್ನಾಳ ಮಗ ಕೋಲ್ಮನ್, ಮ್ಯಾನಸ್ ಎಂಬವನ ದೋಣಿಯಲ್ಲಿ ಮೀನಿಗೆ ಹೋದವನು ತಿರುಗಿ ಬಂದಿರಲಿಲ್ಲ. ಹನ್ನೊಂದು ವರ್ಷವಾಗಿತ್ತು. ಡೊನೆಗಾಲ್ ಕರಾವಳಿಯ ಆ ಪೋರ್ಟ್‌ನಲೀ ಊರಲ್ಲಿ ಎಲ್ಲರೂ ಅವನು ಸತ್ತ ಅನ್ನುತ್ತಿದ್ದರು, ಆದರೆ ಡಿಂಪ್ನಾಳ ಎದುರಿಗಲ್ಲ. ಅವಳು ಆ ಮಾತನ್ನು ಬಾಯಿಗೇ ತಂದವಳಲ್ಲ. “ಕೋಲ್ಮನ್ ಇನ್ನೂ ಬಂದಿಲ್ಲ,” ಅನ್ನುತ್ತಿದ್ದಳು, ಪೇಟೆಗೆ ಹೋದವನು ತಡ ಮಾಡಿದ ಹಾಗೆ. ಹೆಣ ಸಿಗದೆ ಪ್ರಾರ್ಥನೆ ಬೇಡ ಅಂತ ಪಾದ್ರಿಯನ್ನೇ ಬಾಗಿಲಿಂದ ವಾಪಸು ಕಳಿಸಿದ್ದಳು. ಹಿತ್ತಿಲ ಬಾಗಿಲ ಹತ್ತಿರ ಅವನ ಹಳೆಯ ಬೂಟುಗಳು ಹಾಗೇ ಇದ್ದವು. ಅವುಗಳ ಸುತ್ತ ಗುಡಿಸುತ್ತಿದ್ದಳೇ ಹೊರತು ಎತ್ತಿ ಗುಡಿಸುತ್ತಿರಲಿಲ್ಲ.

ಮ್ಯಾನಸ್‌ಗೆ ಅವಳು ಹೇಳಿದ್ದು ಊರಿಗೇ ಗೊತ್ತು. ಹಡಗುಕಟ್ಟೆಯ ಮೇಲೆ, ಎಲ್ಲರ ಮುಂದೆ: “ಇಬ್ಬರು ಹೋದ್ರಿ, ನೀನೊಬ್ಬ ಬಂದೆ. ನನ್ನ ಹೊಸಿಲು ತುಳೀಬೇಡ.” ಅವನು ತುಳಿಯಲಿಲ್ಲ. ಎದುರಿಗೆ ಸಿಕ್ಕರೆ ಟೋಪಿ ತೆಗೆದು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದ, ಪಾಪ.

ಈಗ ಮಗಳು ಸಿನಿಮಾ ಮಾಡುತ್ತಿದ್ದಾಳೆ. ಗಾಲ್ವೇಯಲ್ಲಿ ದೇಶದ ಚಿತ್ರ ಮಂಡಳಿ ಇದೆಯಲ್ಲ, ಅವರು ಅವಳ ಕಥೆ ಆರಿಸಿಕೊಂಡಿದ್ದರು. ಮೊದಲು ಬರೆಯುವುದಕ್ಕೆ ನೆರವು ಕೊಟ್ಟರು, ಬರೆದದ್ದನ್ನು ಓದಿ ತಿದ್ದಿಸಿದರು, ಮತ್ತೆ ಬರೆಸಿದರು, ಕೊನೆಗೆ ಚಿತ್ರ ತೆಗೆಯುವುದಕ್ಕೂ ಕೈ ಹಿಡಿದರು. ಡಿಂಪ್ನಾ ಹಿಗ್ಗಿದ್ದೇ ಹಿಗ್ಗಿದ್ದು. ಅಂಚೆಯವನಿಗೆ ಹೇಳಿದಳು, ಅಂಗಡಿಯವಳಿಗೆ ಹೇಳಿದಳು, ಕೇಳದವರನ್ನೂ ನಿಲ್ಲಿಸಿಕೊಂಡು ಹೇಳಿದಳು. ಮನೆಯನ್ನು ಚಿತ್ರೀಕರಣಕ್ಕೆ ಕೊಡುತ್ತೇನೆ ಅಂದದ್ದೂ ಅವಳೇ. ಮೀನುಗಾರರ ಕಥೆ ಅಂತ ಗೊತ್ತಿತ್ತು, ಆದರೆ ಅದು ಯಾವ ಮೀನುಗಾರನ ಕಥೆ ಅಂತ ಅವಳು ಕೇಳಿರಲಿಲ್ಲ. ಹೇಳುವ ಧೈರ್ಯ ಮಗಳಿಗೂ ಇರಲಿಲ್ಲ.

“ನಿನ್ನ ಮಂಡಳಿಯವರು ಹೆಣ ಬೇಕು ಅಂದ್ರಾ?” ಡಿಂಪ್ನಾ ಚಾಕು ಕೆಳಗಿಟ್ಟಳು. “ಹೆಣ ಇಲ್ದಿದ್ರೆ ಜನ ನೋಡಲ್ಲ ಅಂದ್ರಾ?”

“ಇಲ್ಲಮ್ಮ, ಅವರ ಮೇಲೆ ಯಾಕೆ ಹೇಳ್ಲಿ. ನನ್ನ ಕಥೆ ಓದೋರು ಯೂನಾ ಅಂತ ಒಬ್ಬರಿದ್ದಾರೆ. ಅವರು ಒಂದೇ ಪ್ರಶ್ನೆ ಕೇಳಿದ್ರು. ಕೊನೆಗೆ ತಾಯಿಗೇನಾಗುತ್ತೆ ಅಂತ. ನನಗೆ ಗೊತ್ತಿರಲಿಲ್ಲ. ಅದಕ್ಕೆ ಕಥೇಲಿ ಅವನನ್ನ ಮನೆಗೆ ಕರ್ಕೊಂಡು ಬಂದೆ.”

“ನನ್ನನ್ನ ಕೇಳ್ಬೋದಿತ್ತು.”

“ಕೇಳಿದ್ರೆ ಏನ್ ಹೇಳ್ತಿದ್ದೆ?”

ಡಿಂಪ್ನಾ ಮತ್ತೆ ಚಾಕು ತಗೊಂಡಳು. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಯಿತು. ಬೇಡ ಅಂದರೆ ಮಗಳ ಚಿತ್ರ ಅಲ್ಲಿಗೇ ನಿಂತುಹೋಗುತ್ತದೆ. ಬೇರೆ ಮನೆ ಹುಡುಕುವುದಕ್ಕೆ ದಿನವಿಲ್ಲ, ಚಳಿಗಾಲ ಬಾಗಿಲಿಗೆ ಬಂದಿದೆ. ಹೂಂ ಅಂದರೆ, ಹನ್ನೊಂದು ವರ್ಷ ತಾನು ಹೊರಗೇ ನಿಲ್ಲಿಸಿದ ಸಾವನ್ನು ತಾನೇ ಒಳಗೆ ಕರೆದ ಹಾಗೆ. ಎಂಥ ಇಕ್ಕಟ್ಟಿಗೆ ಹಾಕಿದಳಪ್ಪ ಈ ಹುಡುಗಿ!

“ಗುರುವಾರ ತಾನೇ? ನಾನು ಲೆಟರ್‌ಕೆನಿಗೆ ತಂಗಿ ಮನೆಗೆ ಹೋಗ್ತೀನಿ,” ಅಂದಳು ಕೊನೆಗೆ. “ನಾನು ಬರೋ ಹೊತ್ತಿಗೆ ಅದು ಈ ಮನೇಲಿರ್ಬಾರ್ದು. ಮತ್ತೆ ಆ ಬೂಟಿಗೆ ಯಾರೂ ಕೈ ಹಚ್ಚಬಾರ್ದು.”

ಗುರುವಾರ ಸಾವಿನ ಮನೆಯಲ್ಲಿ ಊರೆಲ್ಲ ಕೂತು ಹೆಣ ಕಾಯುವ ದೃಶ್ಯ ಅಂತ ಊರಿನವರಿಗೂ ಹೇಳಿದ್ದರು. ಗುಂಪಿನಲ್ಲಿ ನಿಲ್ಲುವುದಕ್ಕೆ ಅವರೂ ಬೇಕಿತ್ತಲ್ಲ. ಎಲ್ಲರೂ ಕಪ್ಪು ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಗುರುವಾರಕ್ಕೆ ಕಾಯುತ್ತಿದ್ದರು. ಆದರೆ ಅಟ್ಲಾಂಟಿಕ್ ಯಾರ ವೇಳಾಪಟ್ಟಿಗೂ ಬಗ್ಗುವುದಿಲ್ಲ. ಮಂಗಳವಾರ ಬೆಳಿಗ್ಗೆ ಗಾಳಿ ಎದ್ದಿತು. ದೋಣಿಯ ದೃಶ್ಯ ತೆಗೆಯಬೇಕಿದ್ದ ಜಾಗದಲ್ಲಿ ಅಲೆಗಳು ಕಟ್ಟೆಯನ್ನೇ ದಾಟುತ್ತಿದ್ದವು. ಸಿನಿಮಾದವರ ಪದ್ಧತಿ ಒಂದಿದೆ: ಹೊರಗೆ ಹವೆ ಕೆಟ್ಟರೆ ಒಳಗಿನ ದೃಶ್ಯವನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ, ದಿನ ಹಾಳಾಗಬಾರದು ಅಂತ. ಅವರ ದೊಡ್ಡ ಲಾರಿಗಳು ಕಟ್ಟೆಯ ಹತ್ತಿರವೇ ಉಳಿದವು. ಡಿಂಪ್ನಾಳ ಮನೆಯ ಏರು ಹತ್ತಿದ್ದು ಒಂದು ಚಿಕ್ಕ ವ್ಯಾನು, ಅದರ ಹಿಂದೆ ಬಾಡಿಗೆಯ ಶವವಾಹನ.

“ಇವತ್ತೇ ಅಮ್ಮ, ಕ್ಷಮಿಸಿಬಿಡು,” ಅಂತ ಕ್ಲೀನಾ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಓಡಿಬಂದಳು. ಲೆಟರ್‌ಕೆನಿಯ ಬಸ್ಸು ಹೋಗಿಯಾಗಿತ್ತು. ಡಿಂಪ್ನಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕೂತಳು. ನಟರನ್ನು ಹೋಟೆಲಿಂದ ಕರೆತರಲು ವ್ಯಾನು ಕೆಳಗೆ ಹೋಯಿತು. ನಡುಮನೆಯಲ್ಲಿ ಕುರ್ಚಿ ಎಳೆದ ಸದ್ದು, ಭಾರದ್ದೇನೋ ಇಳಿಸಿದ ಸದ್ದು. ಕನ್ನಡಿಗೆ ಬಟ್ಟೆ ಮುಚ್ಚಿದರು, ಪರದೆ ಎಳೆದರು, ಮುಂಬಾಗಿಲಿಗೆ ಕಪ್ಪು ರಿಬ್ಬನ್ ಕಟ್ಟಿದರು. ಸಾವಾದ ಮನೆಯಲ್ಲಿ ಜೀವ ಹೋದ ಹೊತ್ತಿಗೆ ಗಡಿಯಾರ ನಿಲ್ಲಿಸಬೇಕು. ಎಷ್ಟಕ್ಕೆ ನಿಲ್ಲಿಸಲಿ ಅಂತ ಕಲಾ ವಿಭಾಗದ ಹುಡುಗಿ ಕೇಳಿದ್ದು ಡಿಂಪ್ನಾಳಿಗೆ ಕೇಳಿಸಿತು.

“ನಾಲ್ಕೂ ಹತ್ತು. ಸ್ಕ್ರಿಪ್ಟ್‌ನಲ್ಲಿ ಹಾಗಿದೆ,” ಅಂದಳು ಕ್ಲೀನಾ.

ಅದುವರೆಗೂ ತಡೆದುಕೊಂಡಿದ್ದ ಡಿಂಪ್ನಾಳಿಗೆ ಅಲ್ಲಿ ತಡೆಯಲಾಗಲಿಲ್ಲ. ಮಗ ಹೋದ ಹೊತ್ತು ಯಾವುದು ಅಂತ ಹೆತ್ತವಳಿಗೇ ಗೊತ್ತಿಲ್ಲ. ಇವರು ನಾಲ್ಕೂ ಹತ್ತು ಅಂತಾರೆ! ಏಪ್ರನ್‌ನಲ್ಲೇ ನಡುಮನೆಗೆ ಬಂದಳು, ಬಾಯಿಗೆ ಬಂದ ಹಾಗೆ ಬೈಯಬೇಕು ಅಂತಲೇ ಬಂದಳು. ಪೆಟ್ಟಿಗೆ ಕಂಡಿತು. ಬೈಯಲು ಬಂದದ್ದೇ ಮರೆತುಹೋಯಿತು.

ಆಗ ಮುಂಬಾಗಿಲು ತೆರೆಯಿತು. ಬಂದವಳು ಪಕ್ಕದ ಮನೆಯ ಅಟ್ರಾಕ್ಟಾ. ಎಂಬತ್ತರ ಮುದುಕಿ, ಕಪ್ಪು ಕೋಟು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ತಟ್ಟೆಯ ತುಂಬ ಹ್ಯಾಮ್ ಸ್ಯಾಂಡ್‌ವಿಚ್.

ಡಬ್ಲಿನ್‌ನಿಂದ ಬಂದಿದ್ದ ಸಹಾಯಕ, ಗುಂಪಿಗೆ ಕರೆದವರಲ್ಲಿ ಯಾರೋ ಬೇಗ ಬಂದಿದ್ದಾರೆ ಅಂದುಕೊಂಡ. “ಅಜ್ಜಿ, ಅಲ್ಲಿ ಗೋಡೆ ಪಕ್ಕ ನಿಂತ್ಕೊಳ್ಳಿ. ನಾನು ಹೇಳಿದ ಮೇಲೆ ಅಳಿ.”

“ಅಯ್ಯೋ ನಿನ್ನ! ಸಾವಿನ ಮನೇಲಿ ಯಾವಾಗ ಅಳಬೇಕು ಅಂತ ನನಗೆ ಹೇಳಿಕೊಡ್ತೀಯ? ನಿನ್ನಪ್ಪ ಹುಟ್ಟೋಕೆ ಮುಂಚಿಂದ ಅಳ್ತಾ ಇದೀನಿ ನಾನು. ಸರಿ ಆಕಡೆ!” ತಟ್ಟೆಯನ್ನು ಅವನ ಕೈಗೇ ತುರುಕಿ, ಅಟ್ರಾಕ್ಟಾ ನೇರ ಡಿಂಪ್ನಾಳ ಹತ್ತಿರ ಹೋಗಿ ಅವಳನ್ನು ತಬ್ಬಿಕೊಂಡಳು. “ಕೊನೆಗೂ ಬಂದ್ನಲ್ಲೇ. ಕೊನೆಗೂ ನಿನ್ನ ಮಗ ಮನೆಗೆ ಬಂದ್ನಲ್ಲೇ.”

ಏನಾಯಿತು ಅಂತ ಡಿಂಪ್ನಾಳಿಗೆ ಹೊಳೆಯಿತು. ಸಿನಿಮಾ ಗುರುವಾರ ಅಂತ ಊರು ನಂಬಿದೆ. ಮಂಗಳವಾರ ತನ್ನ ಮನೆಗೆ ಶವವಾಹನ ಬಂದದ್ದನ್ನು ಕಂಡಿದೆ. ಕಡಲ ತಳದಲ್ಲಿ ಬಲೆ ಎಳೆಯುವವರಿಗೆ ವರ್ಷಗಳಾದ ಮೇಲೂ ಒಮ್ಮೊಮ್ಮೆ ಮುಳುಗಿದವರ ಮೂಳೆ ಸಿಗುವುದುಂಟು. ಅಲ್ಲ ಅಟ್ರಾಕ್ಟಾ, ಇದು ಸುಳ್ಳು ಅನ್ನಬೇಕಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಒಬ್ಬರೂ ಅವಳನ್ನು ಹೀಗೆ ತಬ್ಬಿರಲಿಲ್ಲ; ಅವಳೇ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಆ ಒದ್ದೆ ಕೋಟಿಗೆ ಅವಳು ಮುಖ ಒತ್ತಿಕೊಂಡಳು.

ಅಷ್ಟರಲ್ಲಿ ಅಂಗಡಿಯವಳು ಬಂದಳು, ಅಂಚೆಯವನು ಬಂದ, ಬಾಗಿಲಿಂದ ಗೇಟಿನವರೆಗೆ ಸಾಲು ಬೆಳೆಯಿತು. ಒಬ್ಬೊಬ್ಬರೂ ಪೆಟ್ಟಿಗೆಯ ಮುಂದೆ ಶಿಲುಬೆಯ ಗುರುತು ಮಾಡಿಕೊಂಡು, ಅವಳ ಕೈ ಹಿಡಿದು, ಎಲ್ಲರೂ ಎಲ್ಲ ಸಾವಿನಲ್ಲೂ ಹೇಳುವ ಅದೇ ಮಾತು ಹೇಳಿದರು: “ನಿನ್ನ ದುಃಖದಲ್ಲಿ ನಾನೂ ಇದೀನಿ, ಡಿಂಪ್ನಾ.” ಚಿತ್ರೀಕರಣ ನೋಡಲೆಂದು ಗಾಲ್ವೇಯಿಂದ ಬಂದ ಯೂನಾ ಕೂಡ ಏನೆಂದು ತಿಳಿಯದೆ ಸಾಲಿನಲ್ಲಿ ನಿಂತು ಕೈ ಕುಲುಕಿದಳು.

“ಅಮ್ಮ, ಹೇಳಿಬಿಡು,” ಕ್ಲೀನಾ ಕಿವಿಯಲ್ಲಿ ಅಂದಳು. “ಇಲ್ಲಾಂದ್ರೆ ನಾನೇ ಹೇಳ್ತೀನಿ. ಇದು ಪಾಪ.”

“ಒಂದು ನಿಮಿಷ ತಾಳೇ. ಒಂದೇ ನಿಮಿಷ.”

ಆ ನಿಮಿಷದಲ್ಲೇ ಸಾಲು ಎರಡಾಗಿ ಸರಿಯಿತು. ನಡುವೆ ಮ್ಯಾನಸ್ ನಿಂತಿದ್ದ. ಟೋಪಿ ಕೈಯಲ್ಲಿ, ಬೋಳು ತಲೆಯಿಂದ ನೀರು ಇಳಿಯುತ್ತಿತ್ತು. ಹೆಣವಿಟ್ಟ ಮನೆಯ ಬಾಗಿಲು ಯಾರಿಗೂ ಮುಚ್ಚುವ ಹಾಗಿಲ್ಲ, ಹಗೆಗೂ ಇಲ್ಲ. ಅದು ಅಲ್ಲಿಯ ಕಟ್ಟಳೆ. ಅವನಿಗೆ ಆ ಮನೆಯೊಳಗೆ ಬರಲು ಇದ್ದದ್ದು ಅದೊಂದೇ ದಾರಿ. ಅದಕ್ಕಾಗಿ ಅವನೂ ಇಷ್ಟು ವರ್ಷ ಕಾದಿದ್ದ ಅಂತ ಡಿಂಪ್ನಾಳಿಗೆ ಗೊತ್ತಾದದ್ದು ಆ ಮುಖ ನೋಡಿದಾಗಲೇ.

ಅವನು ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ಎದ್ದು ಬಂದು ಕೈ ಚಾಚಿದ.

“ನಿನ್ನ ದುಃಖದಲ್ಲಿ ನಾನೂ ಇದೀನಿ, ಡಿಂಪ್ನಾ. ಎಲ್ಲಿ ಸಿಕ್ದ? ಯಾರ ಬಲೇಲಿ?”

ಅವಳು ಆ ಕೈ ಹಿಡಿದಳು. ಹಿಡಿದ ಮೇಲೆ ಸುಳ್ಳು ಹೇಳಲಾಗಲಿಲ್ಲ.

“ಸಿಕ್ಕಿಲ್ಲ, ಮ್ಯಾನಸ್. ಪೆಟ್ಟಿಗೆ ಖಾಲಿ. ಇದು ಕ್ಲೀನಾಳ ಸಿನಿಮಾ. ಗಾಳಿ ಬಂತು ಅಂತ ಇವತ್ತೇ ಇಟ್ಕೊಂಡ್ರು.”

ಅಂಚೆಯವನು ಬಾಯಿಗಿಟ್ಟ ಸ್ಯಾಂಡ್‌ವಿಚ್ ಹಾಗೇ ಹಿಡಿದುಕೊಂಡ. ಮ್ಯಾನಸ್‌ನ ಮುಖ ನೋಡಲಾಗುತ್ತಿರಲಿಲ್ಲ. “ಹಾಗಾದ್ರೆ ನಾನು ಬರಬಾರ್ದಿತ್ತು,” ಅಂದ. “ತಪ್ಪಾಯ್ತು.” ಹೊರಡಲು ತಿರುಗಿದವನ ಕಣ್ಣು ಗೋಡೆಯ ಮೇಲೆ ನಿಂತಿತು.

“ಆ ಹೊತ್ತಲ್ಲ,” ಅಂದ.

“ಏನು?”

“ಗಡಿಯಾರ. ನಾಲ್ಕು ಗಂಟೆ ಅಲ್ಲ. ಬೆಳಿಗ್ಗೆ, ಏಳಕ್ಕೆ ಇಪ್ಪತ್ತು ನಿಮಿಷ ಇತ್ತು. ಆಗ ತಾನೇ ಬೆಳಕಾಗ್ತಿತ್ತು.”

ಹನ್ನೊಂದು ವರ್ಷ ಅದನ್ನು ತಿಳಿದಿದ್ದವನು ಅವನೊಬ್ಬನೇ. ಅವನನ್ನೇ ಅವಳು ಬಾಗಿಲಾಚೆ ನಿಲ್ಲಿಸಿದ್ದಳು. ಡಿಂಪ್ನಾಳಿಗೆ ತನ್ನ ಮೇಲೇ ಸಿಟ್ಟು ಬಂತು, ಎದೆ ಉರಿಯುವಷ್ಟು ಬಂತು.

“ಕೂತ್ಕೋ,” ಅಂದಳು. “ಹೇಳು.”

ಕತ್ತಲ ಮೂಲೆಯಲ್ಲಿ, ಪರದೆಯ ಮರೆಗೆ ನಿಲ್ಲಿಸಿದ್ದ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಬೆಳಕು ಪರೀಕ್ಷಿಸಲು ಹಾಕಿದ್ದು, ಯಾರೂ ಆರಿಸಿರಲಿಲ್ಲ. ಎಂಥ ದೃಶ್ಯ ಕಣ್ಣೆದುರಿಗಿದೆ ಅಂತ ಕ್ಲೀನಾಳಿಗೆ ಗೊತ್ತಿತ್ತು. ಜೀವಮಾನವೆಲ್ಲ ಹುಡುಕಿದರೂ ಇನ್ನೊಂದು ಸಿಗುವಂಥದಲ್ಲ. ಅವಳು ಹೋಗಿ ಲೆನ್ಸಿಗೆ ಅಂಗೈ ಅಡ್ಡ ಹಿಡಿದು, “ಆರಿಸಿ,” ಅಂದಳು.

ಮ್ಯಾನಸ್ ಹೇಳಿದ. ಫ್ಲಾಸ್ಕಿನ ಚಹಾ ಇಬ್ಬರೂ ಹಂಚಿಕೊಂಡು ಕುಡಿದಿದ್ದರು. ನೀನು ಕಟ್ಟಿಕೊಟ್ಟ ಬ್ರೆಡ್ಡಿನಲ್ಲಿ ದೊಡ್ಡ ಚೂರು ನನಗೇ ಕೊಟ್ಟ ಅಂದ. ಬಲೆ ಎಲ್ಲೋ ಸಿಕ್ಕಿಕೊಂಡಿತು, ಹೋಗಿ ಬಿಡಿಸು ಅಂದವನು ನಾನೇ ಅಂದ. ಹಗ್ಗ ಕೋಲ್ಮನ್‌ನ ಕಾಲಿಗೆ ಸುತ್ತಿ ಅವನನ್ನು ನೀರಿಗೆ ಎಳೆಯಿತು.

“ಕೈ ಹಿಡ್ದಿದ್ದೆ, ಡಿಂಪ್ನಾ. ಈ ಕೈಯಿಂದಾನೇ ಹಿಡ್ದಿದ್ದೆ. ಅವನ ಗ್ಲೌಸು ನನ್ನ ಕೈಲಿ ಉಳೀತು.”

“ಕೂಗಿದ್ನಾ?”

“ಒಂದ್ಸಲ.”

“ಏನಂತ?”

“ಅಮ್ಮ ಅಂದ.”

ಅಟ್ರಾಕ್ಟಾ ಜಪಸರ ತೆಗೆದಳು. ಯಾರೂ ಮನೆಗೆ ಹೋಗಲಿಲ್ಲ. ಪೆಟ್ಟಿಗೆ ಖಾಲಿ ಅಂತ ಗೊತ್ತಿದ್ದೂ ಅದರ ಸುತ್ತ ಕೂತು ಇಡೀ ಜಪ ಮುಗಿಸಿದರು. ಚಹಾ ಸುರಿದರು, ಕೋಲ್ಮನ್‌ನ ಚೇಷ್ಟೆಗಳನ್ನು ನೆನೆದು ನಕ್ಕರು, ನಕ್ಕು ಮತ್ತೆ ಅತ್ತರು. ಡಿಂಪ್ನಾ ಹೇಳಿದ ಮೇಲೆ ಮ್ಯಾನಸ್ ಸ್ಟೂಲು ಹತ್ತಿ ಗಡಿಯಾರದ ಮುಳ್ಳುಗಳನ್ನು ಸರಿಯಾದ ಜಾಗಕ್ಕೆ ತಿರುಗಿಸಿಟ್ಟ.

ಅಡುಗೆಮನೆಯಲ್ಲಿ ಯೂನಾ ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದಳು. ಕ್ಲೀನಾ ಒರೆಸುತ್ತ ಅಂದಳು, “ಇವತ್ತು ಒಂದು ಶಾಟೂ ಇಲ್ಲ ಮೇಡಂ. ಕಥೆಯ ಕೊನೆಯೂ ಹೋಯ್ತು. ಅವನು ಮನೆಗೆ ಬಂದ ಅಂತ ಇನ್ನು ನನ್ನ ಕೈಲಿ ತೆಗೆಯಕ್ಕಾಗಲ್ಲ.”

“ಬೇರೆ ಬರಿ. ಓದ್ತೀನಿ,” ಅಂದಳು ಯೂನಾ. ಅವಳ ಕಣ್ಣುಗಳೂ ಕೆಂಪಾಗಿದ್ದವು.

ಸಂಜೆಯೊಳಗೆ ಪೆಟ್ಟಿಗೆ ಹೋಯಿತು, ಕನ್ನಡಿಯ ಬಟ್ಟೆ ಹೋಯಿತು. ಮನೆ ಹೇಗಿತ್ತೋ ಹಾಗೆ ಮಾಡಿಕೊಡುವುದು ಸಿನಿಮಾದವರ ನಿಯಮ. ಕಲಾ ವಿಭಾಗದ ಹುಡುಗಿ ಗಡಿಯಾರಕ್ಕೆ ಕೀ ಕೊಡಲು ಬಂದಾಗ ಮಾತ್ರ ಡಿಂಪ್ನಾ ತಡೆದಳು. ಮಣ್ಣು ಮಾಡಿ ಬಂದ ಮೇಲೆ ಮನೆಯವರೇ ಅದನ್ನು ಶುರು ಮಾಡಬೇಕು. ಇಲ್ಲಿ ಮಣ್ಣು ಮಾಡುವುದಕ್ಕೇನಿತ್ತು? ಅವಳು ಹಿತ್ತಿಲ ಬಾಗಿಲಿಗೆ ಹೋಗಿ ಬೂಟುಗಳನ್ನು ಎತ್ತಿದಳು. ಒಣಗಿದ ಕೆಸರು ಕೊಡವಿ, ಅವುಗಳನ್ನು ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಬಾಗಿಲು ಹಾಕಿದಳು.

ಕ್ಲೀನಾ ಮೇಜಿನ ಮುಂದೆ ಪೆನ್ನು ಹಿಡಿದು ಕೂತಿದ್ದಳು. ಈ ಸಲ ಕೇಳಿದಳು.

“ಅಮ್ಮ, ಕೊನೆಗೆ ತಾಯಿಗೇನಾಗುತ್ತೆ ಅಂತ ಬರೀಲಿ?”

ಡಿಂಪ್ನಾ ಸ್ಟೂಲು ಹತ್ತಿದಳು. ಕೀ ತಿರುಗಿಸಿದಳು. ಗಡಿಯಾರ ಒಂದೆರಡು ಸಲ ತಡವರಿಸಿ ನಡೆಯತೊಡಗಿತು.

“ಮಗ ಸತ್ತ ಅಂತ ಗೊತ್ತಾಗುತ್ತೆ,” ಅಂದಳು. “ಅಷ್ಟೇ ಬರಿ. ಸತ್ತ, ಕಣೇ. ನನ್ನ ಕೋಲ್ಮನ್ ಸತ್ತೋದ.”

ಸ್ಟೂಲಿನಿಂದ ಇಳಿಯದೆ, ಅವಳು ಅಲ್ಲೇ ಗಡಿಯಾರಕ್ಕೆ ಹಣೆ ಹಚ್ಚಿದಳು. ಕ್ಲೀನಾ ಪೆನ್ನು ಬಿಸುಟು ಎದ್ದು ಬಂದು, ತಾಯಿಯ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.